ಯಂತ್ರ ನನ್ನ ಮೇಲೆ ಕೊಟ್ಟ ದೂರು

ನಮ್ಮ ಮನೆತನ ಸಿಕಂದರಾಬಾದಿಗೆ ಬಂದು ನಾಲ್ಕು ತಲೆಮಾರಾಯಿತು. ಮುತ್ತಜ್ಜ ದಂಡಿನ ಆಸ್ಪತ್ರೆಯಲ್ಲಿ ಔಷಧ ಕೊಡುವವರಾಗಿದ್ದರು, ಅಜ್ಜ ಶಾಲಾ ತನಿಖಾಧಿಕಾರಿ, ತಂದೆ ರೈಲ್ವೆಯಲ್ಲಿ ಅಧಿಕಾರಿ. ಮೂವರ ಮೇಲೂ ಯಾರೂ ಒಂದು ದೂರು ಬರೆದವರಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ತರಗತಿಯಲ್ಲಿ ಮಾತಾಡಿದವರ ಹೆಸರನ್ನು ಅಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬರೆಯುತ್ತಿದ್ದವಳು ನಾನು. ಇಷ್ಟು ಹೇಳಿದ ಮೇಲೆ, ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಸಂಘಕ್ಕೆ ಕಂಪ್ಯೂಟರ್ ಬಂದಾಗಿನಿಂದ ಏನಾದರೊಂದು ನಡೆಯುತ್ತಲೇ ಇರುವುದಕ್ಕೆ ನಾನು ಕಾರಣಳಲ್ಲ ಎಂಬುದು ಓದುಗರಿಗೆ ತಿಳಿಯುತ್ತದೆ. ನಾನು ಆ ಸಂಘದ ಕಾರ್ಯದರ್ಶಿ. ಪ್ರತಿ ಸಲವೂ ಅವಿರೋಧವಾಗಿ ಆಯ್ಕೆಯಾದವಳು.

ಕೆಂಪು ಬಾವುಟ

ಸಂಘದ ಖಜಾಂಚಿ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು, ಧಾರವಾಡದ ಕಡೆಯವರು. ಸಮಾರಂಭದ ಕೆಲಸಗಳನ್ನು ಹಂಚಿ, ಯಾರದು ಮುಗಿಯಿತು, ಯಾರದು ಬಾಕಿ ಎಂದು ತೋರಿಸುವ ತಂತ್ರಾಂಶವೊಂದಿದೆ, ಪುಕ್ಕಟೆ ಸಿಗುತ್ತದೆ, ಅದರ ಒಳಗನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು ಎಂದು ಅವರು ಸಭೆಯಲ್ಲಿ ಹೇಳಿದರು. ಯಾರು ಬೇಕಾದರೂ ಕೈಹಾಕುವ ವಸ್ತು ಸಭ್ಯರಿಗೆ ತಕ್ಕದ್ದಲ್ಲ ಎಂದು ನಾನು ಅಂದೆ. ಉಳಿದವರು ಪುಕ್ಕಟೆ ಎಂಬ ಮಾತನ್ನಷ್ಟೇ ಕೇಳಿಸಿಕೊಂಡಿದ್ದರು.

ಒಂದು ಭಾನುವಾರ ಅವರು ಹಳೆಯ ಕಂಪ್ಯೂಟರೊಂದನ್ನು ತಂದು, ಅದಕ್ಕೆ ಲಿನಕ್ಸ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶ ಹಾಕಿ, ಇನ್ನು ಮೇಲೆ ಇದು ಸರ್ವರ್ ಎಂದು ಘೋಷಿಸಿ, ಸಭಾಂಗಣದ ಮೂಲೆಯಲ್ಲಿ ಕೂರಿಸಿದರು. ತಂತ್ರಾಂಶ ಇಳಿಯುವಾಗ ಯಾರೂ ಸ್ವಿಚ್ಚು ಮುಟ್ಟಬಾರದೆಂದು, ತಮ್ಮ ಇಲಾಖೆಯ ಪದ್ಧತಿಯಂತೆ ಬಾಗಿಲಿಗೆ ಕೆಂಪು ಬಾವುಟ ಕಟ್ಟಿದರು. ಆಮೇಲೆ ಊಟಕ್ಕೆಂದು ಮನೆಗೆ ಹೋಗಿ ಮಲಗಿಬಿಟ್ಟರು.

ಅಂದು ಸಂಜೆ ಸುಗಮ ಸಂಗೀತವಿತ್ತು. ನಮ್ಮ ಸದಸ್ಯರಲ್ಲಿ ಮುಕ್ಕಾಲು ಪಾಲು ರೈಲ್ವೆಯವರು. ನಾನು ಹೋದಾಗ ಗಾಯಕಿ, ತಬಲಾದವರು, ಶ್ರೋತೃಗಳು ಎಲ್ಲರೂ ಮೆಟ್ಟಿಲ ಮೇಲೆ ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ನಡೆಯಿರಿ ಎಂದೆ. ನಿವೃತ್ತ ಗಾರ್ಡ್ ಒಬ್ಬರು ತಲೆಯಾಡಿಸಿದರು.

"ಕಟ್ಟಿದವರ ಬಿಚ್ಚಬೇಕ್ರಿ ಅಕ್ಕಾರ. ನಾವು ಕೈ ಹಚ್ಚಿದ್ರ ಪೆನ್ಶನ್ ಹೋಗ್ತೈತಿ."

ಕಾರ್ಯಕ್ರಮ ಮೆಟ್ಟಿಲ ಮೇಲೆಯೇ ನಡೆಯಿತು. ಫ್ಯಾನಿನ ಕೆಳಗೆ ಆರಾಮವಾಗಿ ಕೂತು ಕೇಳಿದ್ದು ಸರ್ವರ್ ಒಂದೇ.

ಕಾಫಿಗೆ ಹಸಿರು ಬಾರದಿದ್ದದ್ದು

ಒಂದು ಕೆಲಸ ಮುಗಿಯದೆ ಅದರ ಮುಂದಿನದಕ್ಕೆ ಈ ತಂತ್ರಾಂಶ ಹಸಿರು ಬಣ್ಣ ಕೊಡುವುದಿಲ್ಲ. ಹಸಿರಿಲ್ಲದೆ ನಮ್ಮವರು ಅಲುಗಾಡುವುದಿಲ್ಲ. ರಾಜ್ಯೋತ್ಸವಕ್ಕೆ ದಿಲ್‌ಸುಖ್‌ನಗರದಿಂದ ಮುಖ್ಯ ಅತಿಥಿಯನ್ನು ಕಾರಿನಲ್ಲಿ ಕರೆತರಬೇಕಿತ್ತು. ಮೊದಲು ಅತಿಥಿಯನ್ನು ಕರೆತರುವುದು, ನಂತರ ಕಾಫಿ ಎಂದು ಖಜಾಂಚಿ ನಮೂದಿಸಿದ್ದರು. ಕಾರಿನ ಚಾಲಕ ಮಾತ್ರ ಹೆಬ್ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದ.

"ಕಾಫೀ ಲೇಕುಂಡಾ ಬಂಡಿ ಕದಲದು ಮೇಡಂ," ಅಂದ ತೆಲುಗಿನಲ್ಲಿ. ಕಾಫಿ ಇಲ್ಲದೆ ಬಂಡಿ ಅಲುಗದಂತೆ.

ಕಾಫಿಗೆ ಹಸಿರು ಬಂದಿಲ್ಲವೆಂದು ಅಡುಗೆಯವರು ಫ್ಲಾಸ್ಕಿನ ಮುಚ್ಚಳ ತೆಗೆಯಲಿಲ್ಲ. ಅವರು ರೈಲ್ವೆ ಕ್ಯಾಂಟೀನಿನಲ್ಲಿದ್ದವರು. ಕೊನೆಗೆ ಅತಿಥಿ ಕಾದು ಸಾಕಾಗಿ ಮೆಟ್ರೋ ಹಿಡಿದು, ಆಟೋ ಹಿಡಿದು ತಾವಾಗಿಯೇ ಬಂದರು. ಈಗಲಾದರೂ ಕಾಫಿ ಕೊಡಿ ಎಂದೆ. ಅವರು ಬಂದಿದ್ದಾರೆ, ನಿಜ. ಆದರೆ ನಾವು ಕರೆತಂದಿಲ್ಲ, ಆದ್ದರಿಂದ ಆ ಕೆಲಸ ಮುಗಿದಿಲ್ಲ ಎಂದು ಅಡುಗೆಯವರು ಪರದೆ ತೋರಿಸಿದರು. ಅತಿಥಿಗಳು ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು ಬಂದು, ಕನ್ನಡಿಗರ ಆತಿಥ್ಯದ ಬಗ್ಗೆ ಭಾಷಣ ಮಾಡಿದರು.

ದೂರು

ಸರ್ವಸದಸ್ಯರ ಸಭೆಗೆ ಒಂದು ವಾರವಿತ್ತು. ಕಾರ್ಯದರ್ಶಿಯ ಆಯ್ಕೆ ಅಲ್ಲಿಯೇ. ತಮ್ಮ ಮೇಲೆ ದೂರು ಬಾಕಿ ಇರುವವರು ಯಾವ ಹುದ್ದೆಗೂ ನಿಲ್ಲುವಂತಿಲ್ಲ ಎಂದು ಸಂಘದ ನಿಯಮವಿದೆ. ಹಟ ಹಿಡಿದು ಆ ನಿಯಮ ಸೇರಿಸಿದವಳು ನಾನೇ.

ಅಷ್ಟರಲ್ಲಿ ತಂತ್ರಾಂಶ ಮಂಕಾಯಿತು. ಮನೆಯಲ್ಲಿ ಕೂತು ಒಂದು ಪುಟ ತೆರೆಯುವಷ್ಟರಲ್ಲಿ ಕುಕ್ಕರು ಕೂಗುತ್ತಿತ್ತು. ಖಜಾಂಚಿ ಊರಿಗೆ ಹೋಗಿದ್ದರು. ಫೋನಿನಲ್ಲಿ, ಸಭಾಂಗಣಕ್ಕೆ ಹೋಗಿ ಸರ್ವರಿನ ಕಪ್ಪು ಪರದೆಯ ಮೇಲೆ ತಾವು ಹೇಳಿದ್ದನ್ನು ಬರೆದರೆ ಅದು ತಾನೇ ಎದ್ದು ಕೂರುತ್ತದೆ ಎಂದರು. ಒಂದಕ್ಷರ ತಪ್ಪದೆ ಬರೆದೆ. ಯಂತ್ರ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಈಕೆಗೆ ಅನುಮತಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂಬುದು ಅದರ ಸಾರ.

"ವರದಿ ಯಾರಿಗೆ?" ಎಂದು ಕೇಳಿದೆ.

ಖಜಾಂಚಿ ತಡವರಿಸಿದರು. "ಕೀಲಿ ಡ್ಯೂಟಿ ಮ್ಯಾಗ ಇದ್ದವನ ಕೈಯಾಗಷ್ಟ ಇರಬೇಕಲ್ರಿ ಅಕ್ಕಾರ. ಅನುಮತಿ ಪಟ್ಟಿಯಾಗ ನಿಮ್ಮ ಹೆಸರು ಹಾಕಿಲ್ರಿ."

ಮತ್ತೊಮ್ಮೆ ಬರೆದೆ, ಈ ಸಲ ಇನ್ನೂ ನಿಧಾನವಾಗಿ, ಬೆನ್ನು ನೆಟ್ಟಗೆ ಮಾಡಿ ಕೂತು. ಮತ್ತೊಂದು ವರದಿ ಎಂದಿತು.

ಸಂಬಂಧಪಟ್ಟವರೆಲ್ಲರಿಗೂ ಪ್ರತಿ ಹೋಗಬೇಕೆಂಬುದು ಖಜಾಂಚಿಯ ಇಲಾಖೆಯ ಶಿಸ್ತು. ಹಾಗಾಗಿ ಯಂತ್ರದ ವರದಿಗಳು ಇಡೀ ಸಮಿತಿಗೆ ಇಮೇಲ್ ಆಗಿ ಹೋದವು. ತನಗೂ ಬಂದ ಎರಡು ಪ್ರತಿಗಳನ್ನು ತಂತ್ರಾಂಶ ಹೊಸ ಕೆಲಸವೆಂದು, ಅವುಗಳಲ್ಲಿ ನನ್ನ ಹೆಸರಿದ್ದುದರಿಂದ ನನ್ನ ಮೇಲಿನ ದೂರೆಂದು ದಾಖಲಿಸಿತು. ದೂರುಗಳ ವಿಚಾರಣೆ ಕಾರ್ಯದರ್ಶಿಯ ಕರ್ತವ್ಯವಾದ್ದರಿಂದ, ಇವೆರಡನ್ನೂ ಅದು ನನಗೇ ವಹಿಸಿತು.

ಕರ್ತವ್ಯಕ್ಕೆ ಬೆನ್ನು ತೋರಿಸುವವಳು ನಾನಲ್ಲ. ನನ್ನನ್ನು ವಿಚಾರಣೆಗೆ ಕರೆದೆ, ಹೇಳಿಕೆ ಪಡೆದೆ, ಕಠಿಣವಾದ ಪ್ರಶ್ನೆಗಳನ್ನೇ ಕೇಳಿದೆ. ತಪ್ಪು ಕಾಣಲಿಲ್ಲ. ದೂರನ್ನು ಮುಚ್ಚಿದೆ. ತಂತ್ರಾಂಶ ತಕ್ಷಣ ಎಲ್ಲರಿಗೂ ತಿಳಿಸಿತು: ಕಾರ್ಯದರ್ಶಿಯ ಮೇಲಿನ ದೂರನ್ನು ಕಾರ್ಯದರ್ಶಿ ಮುಚ್ಚಿದ್ದಾರೆ.

ಅಧ್ಯಕ್ಷರು ಫೋನ್ ಮಾಡಿ, ಇದು ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲಮ್ಮ, ಬೇರೆಯವರು ಮುಚ್ಚಲಿ ಎಂದು ದೂರನ್ನು ಮತ್ತೆ ತೆರೆಸಿದರು. ಮುಚ್ಚುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ. ನನ್ನ ಹೆಸರಿನ ಮುಂದೆ ಕೆಂಪು ಬಣ್ಣ ಹಾಗೆಯೇ ಕೂತಿತು. ಊರಿನಿಂದ ಬಂದ ಖಜಾಂಚಿ ಬೇರೆ ದಾರಿ ಕಾಣದೆ ಸರ್ವರನ್ನೇ ನಿಲ್ಲಿಸಿ, ಅದರ ಕೊರಳಿಗೆ ಕೆಂಪು ಬಾವುಟ ಕಟ್ಟಿದರು. ಇನ್ನು ಅದನ್ನು ಯಾರು ಮುಟ್ಟುತ್ತಾರೆ? ಚುನಾವಣೆಗೆ ಅರ್ಜಿ ಹಾಕಬೇಕಾದದ್ದೂ ಅದರಲ್ಲೇ. ಹಾಗಾಗಿ ನಾನೂ ನಿಲ್ಲಲಿಲ್ಲ, ಬೇರೆಯವರೂ ನಿಲ್ಲಲಿಲ್ಲ. ಹೊಸಬರು ಬರುವ ತನಕ ಹಳಬರೇ ಮುಂದುವರಿಯಬೇಕೆಂದು ಇನ್ನೊಂದು ನಿಯಮ. ನಾನೀಗಲೂ ಕಾರ್ಯದರ್ಶಿ. ಅವಿರೋಧವಾಗಿ ಆಯ್ಕೆಯಾಗಿ ಅಲ್ಲ, ಬಾಕಿ ಉಳಿದು.

"ತಪ್ಪಾತ್ರಿ ಅಕ್ಕಾರ," ಎಂದರು ಖಜಾಂಚಿ. ನಿಮ್ಮ ಕ್ಷಮಾಪಣೆ ಯಾರಿಗೆ ಬೇಕು, ದೂರು ಕೊಟ್ಟದ್ದು ನೀವಲ್ಲ ಎಂದೆ.

"ಅದರ ಕೈಲೇ ಹೇಳಸ್ತೀನ್ರಿ. ನಾ ಬರದು ಕೊಟ್ರ ಹೇಳ್ತೈತಿ."

ಇನ್ನೊಬ್ಬರು ಬರೆದುಕೊಟ್ಟದ್ದನ್ನು ನಮ್ಮ ಕಾನ್ವೆಂಟಿನಲ್ಲಿ ಕ್ಷಮಾಪಣೆ ಎಂದು ಒಪ್ಪುತ್ತಿರಲಿಲ್ಲ. ಸರ್ವರ್ ತಾನಾಗಿಯೇ, ಲಿಖಿತವಾಗಿ, ಇಡೀ ಸಮಿತಿಗೆ ಪ್ರತಿ ಕಳಿಸಿ, ನನ್ನ ಕ್ಷಮೆ ಕೇಳತಕ್ಕದ್ದು.