ಎರಡು ಗಡಿಯಾರ, ಒಂದು ಬಟ್ಟಲು ಕುಸುಬಿ ಎಣ್ಣೆ

ಬಸು, ಶಾಂತಾ, ಮಲ್ಲು, ಮೊನ್ನೆ ನೀವು ಮೂವರೂ ಎರಡು ಸ್ವಿಸ್ ಕಂಪನಿಯ ಗಡಿಯಾರಗಳ ಚಿತ್ರ ಮುಂದಿಟ್ಟುಕೊಂಡು ಯಾವುದು ಮೇಲು ಎಂದು ಜಗಳಾಡುತ್ತಿದ್ದಿರಿ. ನಾನು ಒಂದು ಮಾತು ಹೇಳಬೇಕೆಂದು ಬಾಯಿ ತೆರೆದೆ. "ಅಜ್ಜಿಗೇನ್ ಗೊತ್ತ ಇದೆಲ್ಲಾ!" ಎಂದ ಬಸು. ಎದುರಿಗೆ ಮಾತಾಡುವುದು ನನ್ನಿಂದ ಯಾವಾಗಲೂ ಆಗದ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳೇ, ಈ ಮನೆಯಲ್ಲಿ ಎರಡು ಸ್ವಿಸ್ ಗಡಿಯಾರಗಳನ್ನು ಹೊರಗಿನಿಂದಲೂ ಒಳಗಿನಿಂದಲೂ ಪರೀಕ್ಷೆ ಮಾಡಿದವಳು ನಾನೊಬ್ಬಳೇ!

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಬೆಟಗೇರಿಯ ಈ ಮನೆಯಲ್ಲಿ ಆಗ ಎರಡು ಮಗ್ಗ, ನಿಮ್ಮಜ್ಜನದು ಸೀರೆ ವ್ಯಾಪಾರ. ಅವರ ತಂಗಿ ಗಂಗವ್ವನ ಲಗ್ನ ಲಕ್ಷ್ಮೇಶ್ವರದ ಹುಡುಗನ ಸಂಗಡ ಗೊತ್ತಾಗಿತ್ತು. ಲಕ್ಷ್ಮೇಶ್ವರ ಇಲ್ಲಿಂದ ಎಷ್ಟು ದೂರ? ಬಸ್ಸು ಹತ್ತಿ ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಬರುತ್ತದೆ. ಆದರೆ ಆಗ ಅದು ಬೇರೆ ರಾಜ್ಯ! ನಾವು ಮುಂಬೈ ಸರಕಾರದವರು, ಅವರು ಸಂಸ್ಥಾನದ ಪ್ರಜೆಗಳು. ಲಗ್ನ ಗೊತ್ತಾದ ಮೇಲೆ ಸಂಸ್ಥಾನ ವಿಲೀನವಾಯಿತು. ಆದರೂ ನಮ್ಮ ಅತ್ತೆಗೆ ಬೀಗರೆಂದರೆ ರಾಜರ ಕಡೆಯವರು. ಅವರು ಕೇಳಿದ್ದು ಒಂದೇ: "ಹುಡುಗಗ ಕೈಗೊಂದು ಸ್ವಿಸ್ ಗಡಿಯಾರ ಕೊಡ್ರಿ."

ನಿಮ್ಮಜ್ಜ ಗದಗಿನ ಅಂಗಡಿಗೆ ಹೋಗಿ ಎರಡು ಗಡಿಯಾರ ಪಸಂತಿಗೆ ತಂದರು. ಒಂದರ ಮುಖದ ಮೇಲೆ ಹಂಸದ ಗುರುತು, ಇನ್ನೊಂದರ ಮೇಲೆ ಗುಡ್ಡದ ಗುರುತು. ಇಂಗ್ಲಿಷ್ ಹೆಸರು ಓದಲು ನಮಗೆ ಬರುತ್ತಿರಲಿಲ್ಲ. ಹಾಗಾಗಿ ಒಂದು ಹಂಸದ್ದು, ಒಂದು ಗುಡ್ಡದ್ದು. ಮರುದಿನ ಮುಂಜಾನೆ ಅವರು ಲಗ್ನಕ್ಕೆ ಕರೆಯಲು ಮುಂಡರಗಿಗೆ ಹೊರಟರು.

"ನೀ ಎರಡೂ ಛಲೋತಂಗ ನೋಡು. ಯಾವುದು ಇಟಗೋಬೇಕು ಅನ್ನೂದು ಸಂಜಿಗೆ ಹೇಳು. ಇನ್ನೊಂದು ತಿರುಗಿ ಕೊಡೂಣು" ಎಂದರು.

"ನಾನಾ?" ಎಂದೆ.

"ನೀ ಸಾಲಿ ಕಲತಾಕಿ ಅಲ್ಲೇನು? ಎರಡಕ್ಕೂ ಒಮ್ಮೆ ಕೀಲಿ ಕೊಡು. ಹಗೂರಕ ಮತ್ತ, ಬಿಗಿ ಮಾಡಿದ್ರ ಒಳಗ ತಂತಿ ಹರೀತೈತಿ."

ನಾನು ಸಾಲಿ ಕಲಿತವಳು ಹೌದು. ಆದರೆ ನನ್ನ ತವರು ಅಸುಂಡಿಯ ಸಾಲಿಯಲ್ಲಿ ಗಂಟೆ ಇತ್ತು, ಗಡಿಯಾರ ಇರಲಿಲ್ಲ. ನನಗೆ ಟೈಮು ನೋಡಲು ಬರುತ್ತಿರಲಿಲ್ಲ. ಗಂಡನ ಮುಂದೆ ಹಾಗೆಂದು ಹೇಳಲು ನಾಚಿಕೆ. "ಆತು" ಎಂದುಬಿಟ್ಟೆ.

ಅವರ ಬೆನ್ನು ಓಣಿ ದಾಟಿತೋ ಇಲ್ಲವೋ ಗಂಗವ್ವ ಬಂದು ಕೈ ಹಿಡಿದಳು. "ವೈನಿ, ಛಂದಾಗಿ ನೋಡಿ ಆರಸು. ಗಡಿಯಾರ ಖೊಟ್ಟಿ ಆದ್ರ ಅವರ ಮನ್ಯಾಗ ನಾನ ಸಾಯೂತನಕಾ ಮಾತು ಕೇಳಬೇಕಾಗತೈತಿ. 'ನಿಮ್ಮ ತವರವರು ಕೊಟ್ಟದ್ದು ನೋಡು' ಅಂತ ದಿನಾ ಚುಚ್ಚತಾರ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಹೆಣ್ಣಿನ ಬಾಳು ನನ್ನ ಎರಡು ಅಂಗೈಗಳ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು!

ಹೀಗಾಗಿ ಪರೀಕ್ಷೆ ವಿಧಿವತ್ತಾಗಿ ಆರಂಭವಾಯಿತು. ಮೊದಲು ತೂಕ. ಬದನೆಕಾಯಿ ನೋಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಣಿಸಿದೆ. ಗುಡ್ಡದ್ದು ಭಾರ. ಆಮೇಲೆ ಸಪ್ಪಳ. ಹೊಸ ಗಡಿಗೆ ಕೊಳ್ಳುವಾಗ ಬಾರಿಸಿ ನೋಡುವುದಿಲ್ಲವೇ? ಹಂಸದ ದನಿ ದೊಡ್ಡದು. ಒಂದಕ್ಕೆ ಮೈ, ಒಂದಕ್ಕೆ ಬಾಯಿ. ಯಾವುದನ್ನು ಬಿಡಲಿ?

ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. "ಹಂಸದ್ದಕ್ಕ ಹದಿನೇಳು ಹರಳು ಅದಾವಂತ, ಗುಡ್ಡದ್ದಕ್ಕ ಹದಿನೈದು ಅಂತ. ಅಂಗಡಿಯಾಂವ ಹೇಳ್ಯಾನಂತ. ಎಣಿಸು ನೋಡೂಣು."

ಇಬ್ಬರೂ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದೆವು. ಒಂದು ಹರಳೂ ಕಾಣಲಿಲ್ಲ.

"ಕಿತಗೊಂಡಾನ!" ಎಂದರು ಅತ್ತೆ. "ಹಲ್ಕಟ್ ಮನಷ್ಯಾ, ಎಲ್ಲಾ ಕಿತಗೊಂಡು ಬರೇ ಡಬ್ಬಿ ಕೊಟ್ಟಾನ!"

"ಒಳಗ ಇರತಾವೇನೋರಿ ಅತ್ತಿ."

"ಹರಳು ಒಳಗ್ಯಾಕ ಇರತಾವ? ಮೂಗಿನ ನತ್ತು ಮೂಗಿನೊಳಗ ಹಾಕ್ಕೊತಿಯೇನು?"

ಆಗ ಕೀಲಿಯ ನೆನಪಾಯಿತು. ಹಂಸದ್ದರ ಕೀಲಿ ತಿರುಗಿಸಿದೆ. ಒಳಗೆ "ಕಿರ್ರ್" ಎಂದಿತು. ತಂತಿ ಹರಿಯಿತೋ ಏನೋ ಎಂದು ಕಿವಿಗಿಟ್ಟು ನೋಡಿದೆ. ಪುಣ್ಯ, ಓಡುತ್ತಿತ್ತು. ಗುಡ್ಡದ್ದಕ್ಕೆ ಕೀಲಿ ಕೊಡಲು ಮಾತ್ರ ಧೈರ್ಯ ಬರಲಿಲ್ಲ. ತನ್ನಷ್ಟಕ್ಕೆ ತಾನು ಓಡುತ್ತಿರುವುದನ್ನು ಯಾಕೆ ಕೆಣಕಬೇಕು?

ನೆರಳು ಹೊಸ್ತಿಲಿಗೆ ಬಂತು. ಮಧ್ಯಾಹ್ನವಾಯಿತೆಂದು ರೊಟ್ಟಿ ಬಡಿಯಲು ಏಳುವ ಮುನ್ನ ಒಮ್ಮೆ ಗುಡ್ಡದ್ದನ್ನು ಕಿವಿಗಿಟ್ಟೆ. ಸಪ್ಪಳವಿಲ್ಲ! ಎರಡೂ ಮುಳ್ಳು ಮೇಲಕ್ಕೆ ಕೈಯೆತ್ತಿ ಮುಗಿದು ನಿಂತಿದ್ದವು.

ಗಂಗವ್ವ ನೋಡಿದಳು, ನಾನು ನೋಡಿದೆ. ಮದುಮಗನ ಗಡಿಯಾರ ಲಗ್ನದ ಮೊದಲೇ ನಿಲ್ಲುವುದೆಂದರೇನು! ಅತ್ತೆಗೆ ಗೊತ್ತಾಗುವ ಮೊದಲು, ದೃಷ್ಟಿ ತಾಗಿರಬೇಕೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದೆ. ನಿಂತಿದ್ದು ನಿಂತೇ ಇತ್ತು. ಸೆರಗಿನಲ್ಲಿ ಸುತ್ತಿ ಎದೆಗವಚಿ ಬೆಚ್ಚಗೆ ಮಾಡಿದೆ. ಊಹೂಂ.

ಆಗ ಗಂಗವ್ವ ಮಗ್ಗದ ಮನೆಯ ಮಗಳಿಗೆ ತಕ್ಕ ಮಾತಾಡಿದಳು. "ವೈನಿ, ಮಗ್ಗ ಬಿಗಿ ಹಿಡದ್ರ ಏನ್ ಮಾಡ್ತೀವಿ?"

"ಎಣ್ಣಿ ಬಿಡ್ತೀವಿ."

"ಮತ್ತ?"

ನನಗೆ ದಾರಿ ಕಂಡಿತು! ಮನೆಯಲ್ಲಿ ಕುಸುಬಿ ಎಣ್ಣೆಗೆ ಬರವಿರಲಿಲ್ಲ. ಅಡಕತ್ತರಿಯ ತುದಿಯಿಂದ ಗಡಿಯಾರದ ಹಿಂದಿನ ಮುಚ್ಚಳ ಎಬ್ಬಿಸಿದೆ. ಒಳಗೆ ಎಳ್ಳಿನಷ್ಟು ಎಳ್ಳಿನಷ್ಟು ಗಾಲಿಗಳು, ನಡುನಡುವೆ ಅತ್ತೆ ಹುಡುಕಿದ ಕೆಂಪು ಹರಳುಗಳು. ಒಂದೇ ಹನಿ ಬಿಡಬೇಕೆಂದು ಬಟ್ಟಲು ಬಗ್ಗಿಸಿದೆ. ಹನಿ ಧಾರೆಯಾಯಿತು. ಗಾಲಿಗಳು ಮುಳುಗಿದವು. ಮುಚ್ಚಳ ಹಾಕಿ ಒತ್ತಿದರೆ ಸುತ್ತಲೂ ಎಣ್ಣೆ ಜಿನುಗಿತು.

ಇಷ್ಟಕ್ಕೇ ಬಿಟ್ಟಿದ್ದರೆ ಒಂದು ಗಡಿಯಾರವಾದರೂ ಉಳಿಯುತ್ತಿತ್ತು. ಆದರೆ ನನಗೊಂದು ದೂರಾಲೋಚನೆ ಬಂತು. ಹಂಸದ್ದೂ ಹೀಗೇ ನಿಂತುಬಿಟ್ಟರೆ? ಮುನ್ನೆಚ್ಚರಿಕೆಯ ಕ್ರಮವಾಗಿ ಅದಕ್ಕೂ ಎಣ್ಣೆ ಬಿಟ್ಟೆ!

ಸ್ವಲ್ಪ ಹೊತ್ತು ಓಡಿತು. ಆಮೇಲೆ ಒಂದು ಮುಳ್ಳು ಮೇಲೆ, ಒಂದು ಮುಳ್ಳು ಕೆಳಗೆ ಮಾಡಿ ಅದೂ ಕಣ್ಮುಚ್ಚಿತು.

ನಾವಿಬ್ಬರೂ ಅಡಿಗೆಮನೆಯಲ್ಲಿ ಎರಡು ಗಡಿಯಾರಗಳ ನಡುವೆ ಸೂತಕದವರಂತೆ ಕೂತಿದ್ದೆವು. ಆಗ ಹೊರಗೆ ದನಿ ಕೇಳಿತು. "ಅದೀರೇನ್ರಿ ಮನ್ಯಾಗ?"

ಬೀಗರು! ಲಗ್ನದ ಸೀರೆ ಕೊಳ್ಳಲು ತಂದೆ ಮಗ ಇಬ್ಬರೂ ಬೆಟಗೇರಿಗೆ ಬಂದವರು ಹಾಗೇ ನಮ್ಮ ಮನೆಗೆ ಹಣಿಕಿ ಹಾಕಿದ್ದರು.

"ಬರ್ರಿ, ಬರ್ರಿ, ಕುಂಡ್ರಿ" ಎಂದು ಅತ್ತೆ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ನೀರು ಬೆಲ್ಲ ಕೊಟ್ಟರು. ಆಮೇಲೆ ಯಾರೂ ಕೇಳದೆಯೇ, "ಗಡಿಯಾರ ಒಂದಲ್ಲರಿ, ಎರಡು ತರಸೀವಿ! ಸ್ವಿಸ್ಸು! ನೀವ ನೋಡಿ ಪಸಂತ ಮಾಡ್ರಿ. ನೀಲವ್ವಾ, ತಾ ಇಲ್ಲೆ!" ಎಂದು ನನ್ನನ್ನು ಕೂಗಿದರು.

ನಾನು ಗಂಗವ್ವನ ಕಿವಿಯಲ್ಲಿ ಹೇಳಿದೆ: "ಮಗ್ಗಕ್ಕ ಕುಂಡ್ರು. ಜೋರಾಗಿ ನೇಯಿ. ಗಡಿಯಾರದ ಸಪ್ಪಳ ಯಾರಿಗೂ ಕೇಳಬಾರ್ದು. ಅಂದ್ರ, ಇಲ್ಲ ಅನ್ನೂದು ಕೇಳಬಾರ್ದು."

ಅವಳು ಓಡಿದಳು. ಪಡಸಾಲೆಯ ಪಕ್ಕದಲ್ಲೇ ಮಗ್ಗ. ಲಟಪಟ ಲಟಪಟ ಎಂದು ಶುರುವಾಯಿತು. ನಾನು ಗಡಿಯಾರಗಳನ್ನು ಸೆರಗಿನಿಂದ ಒರೆಸಿ ತಾಟಿನಲ್ಲಿಟ್ಟು ಬೀಗರ ಮುಂದೆ ಸರಿಸಿ, ಬಾಗಿಲ ಹಿಂದೆ ನಿಂತೆ.

ಬೀಗರು ಒಂದನ್ನು ಬಲಗಿವಿಗೆ, ಒಂದನ್ನು ಎಡಗಿವಿಗೆ ಹಿಡಿದರು. "ಏನೂ ಕೇಳವಲ್ದು" ಎಂದರು.

"ಮಗ್ಗದ ಗದ್ಲರಿ" ಎಂದರು ಅತ್ತೆ. "ಮಗಳು ನೇಯಾಕತ್ತಾಳ."

"ಅಬಬಬಾ! ಏನ್ ಜೋರ ಕೈ! ಕೆಲಸದಾಕಿ ಬಿಡ್ರಿ!"

ಈ ಮಾತು ಒಳಗೆ ಕೇಳಿತೇನೋ, ಗಂಗವ್ವ ಇನ್ನೂ ಜೋರು ಮಾಡಿದಳು. ಅತಿಯಾಯಿತು. ಟಪ್ಪೆಂದು ಎಳೆ ಹರಿಯಿತು. ಮಗ್ಗ ನಿಂತಿತು.

ಮಕ್ಕಳೇ, ಅಂಥ ಮೌನವನ್ನು ನಾನು ಮತ್ತೆಂದೂ ಕೇಳಲಿಲ್ಲ.

ಬೀಗರು ಮತ್ತೆ ಎರಡೂ ಕಿವಿಗೆ ಹಿಡಿದರು. ಆಮೇಲೆ ಮುಖ ನೋಡಿದರು. "ಇದು ಹನ್ನೆರಡು ತೋರಸ್ತೈತಿ. ಅದು ಒಂದೂವರಿ ತೋರಸ್ತೈತಿ. ಹೊರಗ ನೋಡಿದ್ರ ಹೊತ್ತು ಇಳಿಯಾಕತ್ತೈತಿ. ಏನ್ ತಂಗೀ ಇದು?"

ಅತ್ತೆ ನನ್ನ ಕಡೆ ನೋಡಿದರು. ಪರಗಂಡಸರ ಎದುರು ನಾನು ಅದುವರೆಗೆ ಮಾತೇ ಆಡಿದವಳಲ್ಲ. ಬಾಯಿಂದ ಏನು ಬಂತೋ ಅದೇ ಬಂತು: "ಒಂದೂವರಿ ಅನ್ನೂದು ನಮ್ಮ ಮುಂಬೈ ಸರಕಾರದ ಟೈಮ್ರಿ ಮಾವಾರ. ಹನ್ನೆರಡು ಅನ್ನೂದು ನಿಮ್ಮ ಸಂಸ್ಥಾನದ ಟೈಮು."

"ನಮ್ಮ ಸಂಸ್ಥಾನ ಈಗೆಲ್ಲೈತಿ ತಂಗೀ? ನಿಮ್ಮ ಮುಂಬೈ ಸರಕಾರದಾಗ ಕೂಡಿ ಹೋತಲ್ಲ!"

"ಅದಕ್ಕ ಅದು ನಿಂತೈತ್ರಿ!" ಎಂದುಬಿಟ್ಟೆ.

ಬೀಗರು ಇನ್ನೊಂದನ್ನು ಎತ್ತಿ ಹಿಡಿದು, "ಹಂಗಾದ್ರ ಇದ್ಯಾಕ ನಿಂತೈತಿ? ಮುಂಬೈ ಸರಕಾರನೂ ಬಿತ್ತೇನು?" ಎಂದು ಕೇಳಿದರು.

ಇದಕ್ಕೆ ಉತ್ತರ ಕೊಟ್ಟದ್ದು ಗಡಿಯಾರ. ಅದರಿಂದ ಒಂದು ಹನಿ ಎಣ್ಣೆ ಬೀಗರ ಮಡಿ ಧೋತರದ ಮೇಲೆ ಟಪ್ಪೆಂದು ಬಿತ್ತು. ಅವರು ಮೂಸಿ ನೋಡಿದರು. "ಕುಸುಬಿ ಎಣ್ಣಿ!"

ಒಳಗೆ ಮಗ್ಗದ ಕುಳಿಯಿಂದ ಗಂಗವ್ವ ಬಿಕ್ಕುವ ಸಪ್ಪಳ. ಮುಗಿಯಿತು, ಲಗ್ನ ಮುರಿಯಿತು, ಮುರಿದವಳು ನಾನು ಎಂದುಕೊಂಡು ಬಾಗಿಲ ಹಿಂದಿನಿಂದಲೇ ಎಲ್ಲವನ್ನೂ ಹೇಳಿಬಿಟ್ಟೆ. ತೂಕ, ಹರಳು, ಇಳಿ ತೆಗೆದದ್ದು, ಎಣ್ಣೆ, ಮುನ್ನೆಚ್ಚರಿಕೆ. ನಡುವೆ ಉಸಿರು ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ.

ಅದುವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗ ಗುಡ್ಡದ ಗಡಿಯಾರವನ್ನು ಕೈಗೆ ತೆಗೆದುಕೊಂಡ. ಕೀಲಿ ತಿರುವಿದ. ತಿರುವಿದ. ತಿರುವುತ್ತಲೇ ಇದ್ದ.

"ಅಕ್ಕಾರ, ಇದಕ್ಕ ಕೀಲಿ ಕೊಟ್ಟಿದ್ರೇನ್ರಿ?"

"ಇಲ್ರಿ" ಎಂದೆ.

"ಅಷ್ಟ ಆಗಿತ್ತು ನೋಡ್ರಿ. ಇದು ಹಸದು ನಿಂತಿತ್ತು."

ಅಷ್ಟೇ! ಒಂದು ಕೀಲಿ ಕೊಡುವ ಕೆಲಸಕ್ಕೆ ನಾನು ಇಡೀ ಬಟ್ಟಲು ಎಣ್ಣೆ ಕುಡಿಸಿದ್ದೆ!

ಹುಡುಗ ತಂದೆಯ ಕಡೆ ತಿರುಗಿದ. "ಅಪ್ಪಾ, ನನಗ ಈ ಸಂಸ್ಥಾನದ್ದ ಇರಲಿ. ನಿಂತದ್ದಕ್ಕ ಇಷ್ಟು ಜೀವಾ ತೇಯೂ ಮಂದಿ ಬ್ಯಾರೆ ಎಲ್ಲಿ ಸಿಗತಾರ?"

ಬೀಗರು ಧೋತರದ ಕಲೆ ನೋಡಿದರು, ಮಗನನ್ನು ನೋಡಿದರು. ಮೀಸೆ ಅಲುಗಿತು. ಆಮೇಲೆ ಹೊಟ್ಟೆ ಕುಣಿಯಿತು. "ಇರಲಿ ಬಿಡ್ರಿ. ನಮ್ಮ ಮನಿ ಚಕ್ಕಡಿ ಭಾಳ ಕಿರಗುಡತೈತಿ. ಎಣ್ಣಿ ಬಿಡೂ ಬೀಗರು ಸಿಕ್ಕಾರ, ಇನ್ನ ಮ್ಯಾಲ ಆ ಚಿಂತಿ ಇಲ್ಲ!"

ಒಳಗೆ ಹರಿದ ಎಳೆ ಯಾವಾಗ ಕೂಡಿಸಿದಳೋ, ಮಗ್ಗ ಮತ್ತೆ ಶುರುವಾಯಿತು. ಈ ಸಲ ಮೆಲ್ಲಗೆ.

ಸಂಜೆ ನಿಮ್ಮಜ್ಜ ಬಂದರು. ಎಲ್ಲ ಕೇಳಿ, "ಯಾವುದು ಚಲೋ ಹೇಳು ಅಂದಿದ್ನಿ. ಎರಡೂ ಕರದ ಇಡು ಅಂದಿದ್ದಿಲ್ಲ" ಎಂದರು. ಗಡಿಯಾರಗಳನ್ನು ಒಯ್ದರೆ ಅಂಗಡಿಯವನು ಮುಚ್ಚಳ ತೆರೆದು, "ಗಡಿಯಾರ ಕೊಟ್ಟಿದ್ನಿ. ಭಜಿ ಮಾಡಿ ತಂದೀರಲ್ಲರಿ ಸಾವಕಾರ್ರ!" ಎಂದನಂತೆ. ತಿರುಗಿ ತೆಗೆದುಕೊಳ್ಳುವ ಮಾತೇ ಇಲ್ಲ. ಎರಡನ್ನೂ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿಕೊಟ್ಟ. ಗುಡ್ಡದ್ದು ಮದುಮಗನ ಕೈ ಸೇರಿತು. ಹಂಸದ್ದು ನಿಮ್ಮಜ್ಜನ ಕೊರಳಿಗೆ, ಅಲ್ಲ, ಕೈಗೆ ಬಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡರಲ್ಲಿ ಯಾವುದು ಮೇಲು? ಗಂಗವ್ವನ ಗಂಡನ ಗುಡ್ಡ ಕೊನೆಯವರೆಗೂ ಸರಿಯಾಗಿ ಓಡಿತು. ಆ ಮನೆಯಲ್ಲಿ ಅವಳನ್ನು ಯಾರೂ ಚುಚ್ಚಲಿಲ್ಲ. ಚುಚ್ಚಿದ್ದೆಲ್ಲ ನನ್ನನ್ನೇ. ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಬೀಗರು, "ಎಣ್ಣಿ ಡಬ್ಬಿ ಒಳಗಿಡ್ರಿ, ನೀಲವ್ವ ಬಂದಾಳ" ಎನ್ನುತ್ತಿದ್ದರು. ನಿಮ್ಮಜ್ಜನ ಹಂಸ ಮಾತ್ರ ಯಾವತ್ತೂ ಹಿಂದೆ. ಮುಂಡರಗಿಯ ಬಸ್ಸು ಹೋದ ಮೇಲೆ ಇವರು ನಿಲ್ದಾಣ ಮುಟ್ಟುವುದು, ಮನೆಗೆ ಬಂದು ಒಮ್ಮೆ ಗಡಿಯಾರವನ್ನು, ಒಮ್ಮೆ ನನ್ನನ್ನು ನೋಡುವುದು. ಕನ್ನಡ ನಾಡು ಒಂದಾದ ದಿನ ಗದಗಿನಲ್ಲಿ ಮೆರವಣಿಗೆ ಎಂದು ಹೊಸ ಪಟಕಾ ಸುತ್ತಿಕೊಂಡು, ಕೈಯ ಗಡಿಯಾರ ನಂಬಿಕೊಂಡು ಹೋದರು. ಜನ ಸಕ್ಕರೆ ತಿಂದು ಬಾಯಿ ಒರೆಸಿಕೊಂಡು ಮನೆಗೆ ಹೊರಟಿದ್ದರಂತೆ. ಕರ್ನಾಟಕದ ಏಕೀಕರಣಕ್ಕೆ ನಿಮ್ಮಜ್ಜ ತಡವಾಗಿ ಹೋದರು. ಕಾರಣ, ನಿಮ್ಮಜ್ಜಿ!

ಆದರೂ ಅದನ್ನು ಬಿಚ್ಚಿಡಲಿಲ್ಲ. ಕಡೆಯ ತನಕ ಅದೇ ಅವರ ಕೈಯಲ್ಲಿತ್ತು. ಅವರು ಹೋದ ಮೇಲೆ ದಿನಾ ಮುಂಜಾನೆ ಅದಕ್ಕೆ ಕೀಲಿ ಕೊಡುವುದು ನನ್ನ ಕೆಲಸ. ಒಂದು ದಿನವೂ ತಪ್ಪಿಸಿಲ್ಲ. ಟೈಮು ನೋಡಲು ಮಾತ್ರ ಇನ್ನೂ ಬರುವುದಿಲ್ಲ. ಬಸು, ನೀನು ಹೇಳಿದ್ದು ಖರೆ. ಅಜ್ಜಿಗೇನೂ ಗೊತ್ತಿಲ್ಲ.

ಈ ಹಾಳೆಗಳನ್ನು ಗಂಗವ್ವ ಅಂದು ನೇಯ್ದ ಸೀರೆಯ ತುಂಡಿನಲ್ಲಿ, ಹಂಸದ ಗಡಿಯಾರದ ಜೊತೆ ಸುತ್ತಿ ಇಡುತ್ತೇನೆ. ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಎಣ್ಣೆ ಕೈಯಲ್ಲಿ ಮಾತ್ರ ಮುಟ್ಟಬೇಡಿ.