ದೊಡ್ಡಪ್ಪ ದಾಟದ ಸೇತುವೆ

ನಮ್ಮ ದೊಡ್ಡಪ್ಪನ ಭೂಗೋಳದಲ್ಲಿ ಕಲ್ಕತ್ತಾ ಎಂಬುದು ಹೌರಾದ ಎದುರು ದಡದಲ್ಲಿರುವ ಒಂದು ಊರು. ಅಷ್ಟೇ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಅವರು ಅದಕ್ಕೆ ಕೊಟ್ಟದ್ದನ್ನು ನಾನು ನೋಡಿಲ್ಲ. ಹೌರಾದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೇತ್ ಮೆಷಿನ್ ಮುಂದೆ ನಿಂತು ಬೋಲ್ಟು ಕಡೆದು, ಎಪ್ಪತ್ತರ ದಶಕದ ಶುರುವಿನಲ್ಲಿ ತುಮಕೂರಿಗೆ ಬಂದು ಶಿರಾ ಗೇಟ್ ಹತ್ತಿರ ಮನೆ ಮಾಡಿದವರು ಅವರು. ಯಾರಾದರೂ "ಕಲ್ಕತ್ತಾದಲ್ಲಿದ್ರಂತೆ?" ಎಂದು ಬಾಯಿ ತೆರೆದರೆ ಮುಗಿಯಿತು.

"ಕಲ್ಕತ್ತಾ ಅಲ್ಲ ಸ್ವಾಮಿ, ಹೌರಾ. ನಮ್ ಕಡೆಯಿಂದ ಕಲ್ಕತ್ತಾಗೆ ಅಂತ ಹೊರಡೋ ರೈಲೆಲ್ಲಾ ಹೌರಾದಲ್ಲೇ ನಿಂತ್ಬಿಡ್ತವೆ. ಯಾಕೇಳಿ? ಮುಂದಕ್ಕೋಗಿ ನೋಡೋ ಅಂಥದ್ದೇನಿಲ್ಲ ಅಂತ."

ನಾವೋ, ಹೊರಗಡೆ ಯಾರಾದರೂ "ಯಾವೂರು?" ಎಂದರೆ "ಬೆಂಗಳೂರ್ ಹತ್ರ" ಎಂದು ಮಾತು ನುಂಗುವ ಜನ. ದೊಡ್ಡ ಊರಿನ ಪಕ್ಕದಲ್ಲಿದ್ದೂ ಹೀಗೆ ಎದೆಯುಬ್ಬಿಸುವವರನ್ನು ನಾವು ಕಂಡಿರಲಿಲ್ಲ.

ಆದರೆ ಒಂದು ವಿಷಯ. ಹನ್ನೊಂದು ವರ್ಷದಲ್ಲಿ ಈ ಮಹಾಶಯರು ಒಮ್ಮೆಯೂ ನಡುವಿನ ಹೊಳೆಯ ಸೇತುವೆ ದಾಟಿ ಕಲ್ಕತ್ತಾ ನೋಡಿರಲಿಲ್ಲ! ನೆಂಟರ ಯಾವ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಇದೇ ನಗೆ. ಎಲ್ಲರಿಗಿಂತ ಹೆಚ್ಚಾಗಿ ಆಡಿಕೊಳ್ಳುತ್ತಿದ್ದವರು ದೊಡ್ಡಮ್ಮ. ಆಡಿಕೊಳ್ಳುವ ಹಕ್ಕು ಅವರಿಗೆ ಇತ್ತು ಬಿಡಿ. ಆ ಹನ್ನೊಂದು ವರ್ಷವೂ ಅವರು ಗುಬ್ಬಿ ಹತ್ತಿರದ ನಮ್ಮ ಹಳ್ಳಿ ಕಡಬದಲ್ಲಿ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿಕೊಂಡು ಉಳಿದವರು. ದೊಡ್ಡಪ್ಪ ವರ್ಷಕ್ಕೊಂದು ಸಲ ರಜೆ ಹಾಕಿ ಬಂದು ಹೋಗುತ್ತಿದ್ದರು. ಅತ್ತೆ ತೀರಿಕೊಂಡ ವರ್ಷವೇ ಕಾರ್ಖಾನೆಯೂ ಬಾಗಿಲು ಹಾಕಿತು.

"ನಾನಾಗಿದ್ರೆ ಮೊದಲ್ನೇ ಭಾನುವಾರವೇ ದಾಟ್ಬಿಡ್ತಿದ್ದೆ" ಎನ್ನುತ್ತಿದ್ದರು ದೊಡ್ಡಮ್ಮ. "ಕೆರೆ ಪಕ್ಕ ಇದ್ಕೊಂಡು ಬಾಯಾರ್ಕೊಂಡು ಬಂದವ್ರು ಇವ್ರು."

ನಮ್ಮ ಮನೆ ಗುಬ್ಬಿಯಲ್ಲಿ. ರಜೆ ಸಿಕ್ಕಿತೆಂದರೆ ನಾನು ಶಿರಾ ಗೇಟ್‌ನಲ್ಲಿ. ಬೇರೆಯವರಿಗೆ ನಗು ಬರುತ್ತಿದ್ದ ವಿಷಯ ನನಗೆ ಮಾತ್ರ ತಲೆಯೊಳಗೆ ಹುಳು ಬಿಟ್ಟಿತ್ತು. ಯಾಕೆ ದಾಟಲಿಲ್ಲ? ಕೇಳಿದಾಗಲೆಲ್ಲ ಒಂದೊಂದು ಉತ್ತರ.

"ಅಷ್ಟ್ ದೊಡ್ ಸೇತುವೇಗೆ ಒಂದೂ ನಟ್ಟು ಬೋಲ್ಟ್ ಹಾಕಿಲ್ಲ ಕಣೇ. ಬರೀ ರಿವೆಟ್ಟು, ಕಾಯ್ಸಿ ಬಡ್ದಿರೋ ಮೊಳೆ. ಬೋಲ್ಟ್ ಮಾಡೋನು ನಾನು, ಹೆಂಗೆ ಕಾಲಿಡ್ಲಿ?"

ಇನ್ನೊಮ್ಮೆ, "ಕಲ್ಕತ್ತಾದವ್ರೇ ಈ ಕಡೆ ಬರ್ಲಿ ಅಂತಿದ್ದೆ."

ಮತ್ತೊಮ್ಮೆ, "ಭಾನುವಾರ ಬಟ್ಟೆ ಒಗ್ಯೋದಿತ್ತು." ಹನ್ನೊಂದು ವರ್ಷ ಭಾನುವಾರ ತಪ್ಪದೆ ಬಟ್ಟೆ ಒಗೆದ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ?

ಹೌರಾದಲ್ಲಿ ಅವರು ಇದ್ದದ್ದು ಒಂದು ವಠಾರ. ನಡುವೆ ಅಂಗಳ, ಅಂಗಳಕ್ಕೊಂದು ನಲ್ಲಿ, ಸುತ್ತ ಏಳು ಮನೆ, ಏಳು ಭಾಷೆ. ಬಂಗಾಳಿ, ಬಿಹಾರಿ, ಒರಿಯಾ, ತೆಲುಗು, ಪಂಜಾಬಿ, ಮಾರ್ವಾಡಿ, ಕೊನೆಯ ಕೋಣೆಯಲ್ಲಿ ಕಡಬದ ದೊಡ್ಡಪ್ಪ. ಏಳು ಭಾಷೆಯಲ್ಲೂ ಅವರು "ಊಟ ಆಯ್ತಾ?" ಎಂದು ಕೇಳಬಲ್ಲರು. ಮುಂದೆ? ಮುಂದಕ್ಕೆ ಎಲ್ಲ ಭಾಷೆಯನ್ನೂ ಕಲಸಿದ ಒಂದು ಚಿತ್ರಾನ್ನ. ಅದು ಆ ಅಂಗಳ ಬಿಟ್ಟರೆ ಬೇರೆಲ್ಲೂ ಅರ್ಥವಾಗುತ್ತಿರಲಿಲ್ಲ.

ಆ ವಠಾರದಲ್ಲಿ ಒಂದು ರೂಢಿಯಿತ್ತಂತೆ. ಒಂದು ಮನೆಯಲ್ಲಿ ಏನು ಕರಿದರೂ ಪಕ್ಕದ ಮನೆಗೆ ಒಂದು ಬಟ್ಟಲು ಹೋಗಬೇಕು, ಬಟ್ಟಲು ಖಾಲಿ ವಾಪಸ್ ಬರಬಾರದು. ದೊಡ್ಡಪ್ಪ ಇದನ್ನು ತುಮಕೂರಿನಲ್ಲೂ ಶುರುಮಾಡಿದರು. ಎಲ್ಲಿಂದಲೋ ಸಾಸಿವೆ ಎಣ್ಣೆ ತಂದು, ತಾವೇ ಒಲೆ ಮುಂದೆ ಕೂತು ಬೋಂಡ ಕರಿದು, ಎದುರು ಮನೆಗೆ ಕಳಿಸಿದರು. ಸಾಸಿವೆ ಎಣ್ಣೆಯೆಂದರೆ ಮಂಡಿಗೆ ಹಚ್ಚುವುದು ಎಂದು ತಿಳಿದ ಬೀದಿ ಅದು. ಬಟ್ಟಲು ಖಾಲಿ ಬರಲಿಲ್ಲ ನಿಜ. ಅವೇ ಬೋಂಡಗಳು ಬಂದವು. ಎಣಿಸಿದರೆ ಒಂದೂ ಕಡಿಮೆಯಿಲ್ಲ.

ಸಂಜೆಯಾದರೆ ಶಿರಾ ಗೇಟ್‌ನಲ್ಲಿ ನಿಂತು ಲಾರಿಗಳ ನಂಬರ್ ಪ್ಲೇಟ್ ಓದುವುದು ಅವರ ಕೆಲಸ. ಬಂಗಾಳದ ಲಾರಿ ಕಂಡರೆ ಡ್ರೈವರ್ ಸಿಕ್ಕಿಬಿದ್ದ ಎಂದೇ ಲೆಕ್ಕ. ಒಮ್ಮೆ ಆರಡಿ ಎತ್ತರದ ಸರ್ದಾರ್ಜಿಯೊಬ್ಬನನ್ನು ಮನೆಗೇ ಕರೆತಂದರು. ಅವತ್ತು ಮುದ್ದೆ, ಸೊಪ್ಪಿನ ಸಾರು. ಪಾಪ, ಆತ ಮುದ್ದೆಯನ್ನು ಅಗಿಯತೊಡಗಿದ. ಮುದ್ದೆ ಅಗಿದವರ ಗತಿ ನಿಮಗೆ ಗೊತ್ತಲ್ಲ? ಹಲ್ಲಿಗೆ ಹಲ್ಲು ಅಂಟಿಕೊಂಡು, ಬಾಯಿ ತೆರೆಯಲೂ ಆಗದೆ, ಮುಚ್ಚಲೂ ಆಗದೆ ಕಣ್ಣರಳಿಸಿ ಕೂತ. ದೊಡ್ಡಪ್ಪ ಎದುರು ಕೂತು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎನ್ನಿಸಿ ಪಾಠ ಮಾಡಿದರು. ನಾಲ್ಕನೆಯ ತುತ್ತಿಗೆ ಶಿಷ್ಯ ಪಾಸಾದ. ಮುಂದಿನ ತಿಂಗಳು ಇನ್ನಿಬ್ಬರು ಡ್ರೈವರುಗಳನ್ನು ಕರೆದುಕೊಂಡು ಬಂದು, ಅವರಿಗೆ ತಾನೇ ಕಲಿಸಿಕೊಟ್ಟ.

"ಹೌರಾನ ಮನೆಗೇ ತಂದ್ಬುಟ್ರಲ್ಲ" ಎಂದರು ದೊಡ್ಡಮ್ಮ, ಮತ್ತೊಂದು ಮುದ್ದೆ ತೊಳಸುತ್ತಾ. "ಒಂದ್ ಸೇತುವೆ ದಾಟಕ್ಕಾಗ್ಲಿಲ್ಲ, ಜಂಬಕ್ಕೇನ್ ಕಮ್ಮಿ ಇಲ್ಲ."

ಎಂಬತ್ತರ ದಶಕದಲ್ಲಿ ನನ್ನ ಡಿಗ್ರಿ ಮುಗಿಯಿತು. ಕಲ್ಕತ್ತಾದಿಂದ ಒಂದು ಕೆಲಸದ ಇಂಟರ್‌ವ್ಯೂಗೆ ಕರೆ ಬಂತು. ಹೆಣ್ಣುಮಗಳನ್ನು ಒಬ್ಬಳೇ ಕಳಿಸುವುದುಂಟೇ? ದೊಡ್ಡಪ್ಪ ಹೌರಾದಿಂದ ತಂದಿದ್ದ ಮಂಕಿ ಕ್ಯಾಪ್ ಹಾಕಿಕೊಂಡು ಎದ್ದು ನಿಂತರು. ಬೇಸಿಗೆಯಲ್ಲಿ ಮಂಕಿ ಕ್ಯಾಪ್ ಯಾಕೆಂದು ಯಾರೂ ಕೇಳಲಿಲ್ಲ. ನನಗಂತೂ ಒಳಗೊಳಗೇ ಖುಷಿ. ಈ ಸಲ ಸೇತುವೆ ದಾಟದೆ ಎಲ್ಲಿಗೆ ಹೋಗುತ್ತಾರೆ?

ರೈಲಿಳಿದು ಮೊದಲು ಹೋದದ್ದು ಆ ವಠಾರಕ್ಕೆ. ನಲ್ಲಿ ಅಲ್ಲೇ ಇತ್ತು. ಯಾರೋ ಕೂಗಿದರು, ಬಾಗಿಲುಗಳು ತೆರೆದವು, ನರೆತ ತಲೆಗಳು ಹೊರಬಂದವು. ನನ್ನನ್ನು ನೋಡಿ ಒಬ್ಬ ಬಂಗಾಳಿ ಅಜ್ಜಿ ಕೇಳಿದರು, "ಉಂಡ್ಯಾ?" ಬಿಹಾರಿ ಮುದುಕರೂ ಕೇಳಿದರು, "ಉಂಡ್ಯಾ?" ಶುದ್ಧ ಕಡಬದ ರಾಗ. ದೊಡ್ಡಪ್ಪ ಅವರ ಭಾಷೆ ಕಲಿತದ್ದು ಗೊತ್ತಿತ್ತು, ಅವರಿಗೆ ನಮ್ಮದನ್ನು ಕಲಿಸಿದ್ದು ಗೊತ್ತಿರಲಿಲ್ಲ. ಸಾವಿರದ ಇನ್ನೂರು ಮೈಲಿ ದೂರದಲ್ಲಿ ಆ ಒಂದು ಮಾತು ಕೇಳಿ ನನಗೆ ಅಳು ಬಂದುಬಿಟ್ಟಿತು.

ಮಾರನೆಯ ಬೆಳಿಗ್ಗೆ ಇಂಟರ್‌ವ್ಯೂ. ದೊಡ್ಡಪ್ಪ, ನಾನು, ದಾರಿ ತೋರಿಸಲು ವಠಾರದ ತೆಲುಗು ಅಕ್ಕ. ಸೇತುವೆಯ ಬುಡಕ್ಕೆ ಬಂದೆವು. ದೊಡ್ಡಪ್ಪ ನಿಂತರು.

"ಅಕ್ಕನ ಜೊತೆ ಹೋಗ್ಬಾ. ನಾನಿಲ್ಲೇ ಇರ್ತೀನಿ."

ನನಗೆ ಸಿಟ್ಟು ಬಂತು. "ಇಷ್ಟು ದೂರ ಬಂದು ಇದೇನ್ ದೊಡ್ಡಪ್ಪಾ? ಬೋಲ್ಟ್ ಕಥೆ ಹೇಳ್ಬೇಡಿ. ನಿಜ ಹೇಳಿ."

ಅವರು ಸೇತುವೆಯ ಕಂಬಿಯ ಮೇಲೆ ಕೈಯಿಟ್ಟರು. "ಮೊದಲ್ನೇ ಸಲ ಊರು ಬಿಟ್ಟಾಗ ನಿಮ್ ದೊಡ್ಡಮ್ಮ ಕೆರೆ ಏರಿ ತಂಕ ಬಂದಿದ್ಲು. ಹೊಳೆ ಆಚೆ ಭಾರೀ ಊರಿದ್ಯಂತೆ, ನೀನ್ ಬಂದ್ಮೇಲೆ ಒಟ್ಟಿಗೇ ದಾಟೋಣ ಅಂದಿದ್ದೆ. ಈ ವರ್ಷ ಬತ್ತಾಳೆ, ಮುಂದಿನ್ ವರ್ಷ ಬತ್ತಾಳೆ ಅಂತಿದ್ದೆ. ನಮ್ಮಮ್ಮನ್ ಬಿಟ್ಟು ಅವಳೆಲ್ ಬಂದಾಳು?"

"ದೊಡ್ಡಮ್ಮಂಗೆ ಹೇಳ್ಬಾರ್ದಾಗಿತ್ತಾ? ಎಲ್ಲರಿಗಿಂತ ಜಾಸ್ತಿ ಅವರೇ ಆಡ್ಕೋತಾರೆ."

"ಹೇಳಿದ್ರೆ, ಬರಕ್ಕಾಗ್ಲಿಲ್ವಲ್ಲ ಅಂತ ಕೊರಗ್ತಾಳೆ. ನಗ್ತಾ ಇರ್ಲಿ ಬುಡು."

ನಾನು ದಾಟಿ ಹೋಗಿ ಬಂದೆ. ಇಂಟರ್‌ವ್ಯೂನಲ್ಲಿ ಏನು ಕೇಳಿದರೋ, ಏನು ಹೇಳಿದೆನೋ. ಆ ಕೆಲಸ ಸಿಗಲಿಲ್ಲ.

ತುಮಕೂರಿಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ. ಹಿಟ್ಟು ಜರಡಿ ಹಿಡಿಯುತ್ತಿದ್ದ ದೊಡ್ಡಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಜರಡಿ ನಿಂತಿತು. "ನಂಗೆ ಮರ್ತೇ ಹೋಗಿತ್ತು ಕಣೇ" ಎಂದರು.

ಸಂಜೆ ದೊಡ್ಡಪ್ಪ ಲಾರಿ ನೋಡಿಕೊಂಡು ಬಂದು ಚಪ್ಪಲಿ ಬಿಡುತ್ತಿದ್ದರು. ದೊಡ್ಡಮ್ಮ ಒಳಗಿನಿಂದಲೇ ಕೇಳಿದರು, "ರೀ, ಆ ಸೇತುವೆ ಮಧ್ಯದಲ್ಲಿ ಕೂತ್ಕೊಳ್ಳೋಕೆ ಜಾಗ ಇದ್ಯಾ? ನನ್ ಮಂಡಿ ಒಂದೇ ಸಲಕ್ಕೆ ಅಷ್ಟ್ ದೂರ ನಡಿಯಲ್ಲ."

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಚಪ್ಪಲಿ ಜೋಡಿಸಿಟ್ಟು, "ಅದಕ್ಕೆ ನಟ್ಟು ಬೋಲ್ಟ್ ಇಲ್ಲ ಕಣೇ" ಎಂದರು.

"ಇಲ್ದಿದ್ರೆ ಬುಡಿ" ಎಂದರು ದೊಡ್ಡಮ್ಮ. "ನೀವು ಕೈ ಹಿಡ್ಕೊಂಡಿರ್ತೀರಲ್ಲ."