ಭಾನುವಾರದ ನೀರು ಮತ್ತು ನನ್ನ ಎರಡು ಗಂಟೆಯ ಸಾವು

ಗಂಡನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಷ್ಟ್ರು, ಬ್ಯಾಂಕು, ದ್ರಾಕ್ಷಿ ತೋಟ ಎಂದುಬಿಟ್ಟರೆ ಆಯಿತು. ನಮ್ಮವರು ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಸಂದೇಶಗಳನ್ನು ಕ್ಯೂ ನಿಲ್ಲಿಸುತ್ತಾರೆ. ಒಂದು ಕಂಪ್ಯೂಟರು ಇನ್ನೊಂದಕ್ಕೆ ಏನೋ ಹೇಳಬೇಕಂತೆ. ಆ ಇನ್ನೊಂದಕ್ಕೆ ಪುರುಸೊತ್ತಿಲ್ಲದಿದ್ದರೆ ಮಾತು ಕಳೆದುಹೋಗದ ಹಾಗೆ ನಡುವೆ ಒಂದು ಸರ್ವರ್ ಅದನ್ನು ಸಾಲಿನಲ್ಲಿ ಹಿಡಿದಿಟ್ಟುಕೊಂಡು ಸರದಿ ಬಂದಾಗ ದಾಟಿಸುತ್ತದಂತೆ. ಚಿಂತಾಮಣಿ ಬಸ್ಸು ಬಂದರೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಇದೇ ಮನುಷ್ಯ ಕಣ್ಣಿಗೆ ಕಾಣದ ಮಾತುಗಳನ್ನು ಸಾಲಾಗಿ ನಿಲ್ಲಿಸುತ್ತಾರೆಂದು ನಂಬಲು ನನಗೆ ವರ್ಷಗಳೇ ಹಿಡಿದವು.

ಆ ಸರ್ವರ್ ಕೆಟ್ಟರೆ? ಅದಕ್ಕೇ ಒಂದರ ಬದಲು ಮೂರು ಇರುತ್ತವೆ, ಒಂದು ಬಿದ್ದರೆ ಉಳಿದವು ಹೊರುತ್ತವೆ. ಊರಿಗೇ ಕೇಡು ಬಂದರೆ ಏನು ಮಾಡಬೇಕೆಂದು ದೊಡ್ಡ ಯೋಜನೆಯೊಂದನ್ನು ಬರೆದಿಟ್ಟಿರುತ್ತಾರೆ. ಅದು ಸರಿಯಿದೆಯೇ ಎಂದು ನೋಡಲು ಚೆನ್ನಾಗಿರುವುದನ್ನೇ ಬೇಕೆಂದು ಕೆಡವಿ ಪರೀಕ್ಷೆ ಮಾಡುತ್ತಾರೆ. ನಮ್ಮತ್ತೆ ಇದನ್ನು ಕೇಳಿ, "ನಿಂತಿರೋದನ್ನ ಕೆಡವೋಕೂ ಸಂಬಳ ಕೊಡ್ತಾರೇನಪ್ಪ?" ಎಂದಿದ್ದರು. ಈ ವಿದ್ಯೆ ಮುಂದಿನ ಕೋಣೆಯಲ್ಲೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ.

ನಮ್ಮ ಬೀದಿಗೆ ನೀರು ವಾರಕ್ಕೊಮ್ಮೆ, ಭಾನುವಾರ. ನೀರು ಬಿಡುವ ಮುನಿರಾಜು ನನಗೆ ಫೋನ್ ಮಾಡುತ್ತಾನೆ. ಮೊದಲ ಕೆಸರು ನೀರು ಹರಿದು ಹೋಗಲು ಬಿಟ್ಟು, ಆಮೇಲೆ ಸಂಪಿನ ವಾಲ್ವ್ ತಿರುಗಿಸಬೇಕು. ಅದರ ಹಿಡಿ ಎಂದೋ ಮುರಿದಿದೆ. ಕಟಿಂಗ್ ಪ್ಲೇಯರಿನಲ್ಲಿ ತಿರುಗಿಸಬೇಕು. ಒಂದು ಸಲ ತಿರುಗಿಸಿದರೆ ತೆರೆಯುತ್ತದೆ, ಇನ್ನೊಂದು ಸಲ ತಿರುಗಿಸಿದರೆ ಮುಚ್ಚುತ್ತದೆ, ನೋಡಿದರೆ ಯಾವುದೆಂದು ಗೊತ್ತಾಗುವುದಿಲ್ಲ. ತಪ್ಪಿದರೆ ವಾರವಿಡೀ ಬಕೆಟ್ ಹಿಡಿದು ಪಕ್ಕದ ಮನೆ ಬಾಗಿಲು. ಹಾಗಾಗಿ ಭಾನುವಾರ ಬಂದ ಎಷ್ಟೋ ಮದುವೆ, ನಾಮಕರಣಗಳಿಗೆ ನಾನು ಆಶೀರ್ವಾದವನ್ನಷ್ಟೇ ಕಳಿಸಿದ್ದೇನೆ. ಈ ಸಲ ಮಾತ್ರ ಶಿಡ್ಲಘಟ್ಟದಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ನಾನು ಎತ್ತಿ ಆಡಿಸಿದ ಹುಡುಗಿ. "ಹೋಗೇ ಹೋಗ್ತೀನಿ ರೀ" ಎಂದೆ.

ನಮ್ಮವರು ಕನ್ನಡಕ ತೆಗೆದು ಒರೆಸಿದರು. ಅದು ಒಳ್ಳೆಯ ಲಕ್ಷಣವಲ್ಲ. "ಹೋಗು. ಆದ್ರೆ ಈ ಮನೆ ಪೂರ್ತಿ ನಿನ್ನೊಬ್ಬಳ ಮೇಲೆ ನಿಂತಿದೆ ಕಣೇ. ಇದು ತುಂಬಾ ಅಪಾಯ" ಎಂದರು. ಹೊಗಳಿಕೆಯೆಂದು ನಾನು ನಾಚಿಕೊಂಡೆ. ಅಷ್ಟರಲ್ಲಿ ಯೋಜನೆ ಹಾಳೆಯ ಮೇಲಿತ್ತು. ನನ್ನ ಜಾಗಕ್ಕೆ ಮೂವರು: ಅವರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು ಪಲ್ಲವಿ. ಯಾರಿಗೆ ಸುದ್ದಿ ಬಂದರೂ ಉಳಿದಿಬ್ಬರಿಗೆ ಹೇಳಬೇಕು. ಸೀಮಂತದ ಹಿಂದಿನ ಭಾನುವಾರವೇ ಪರೀಕ್ಷೆ. ನಾನು ಫೋನನ್ನು ಹೊರಗೆ ಹಾಲಿನಲ್ಲಿಟ್ಟು, ಹನ್ನೊಂದರಿಂದ ಒಂದರವರೆಗೆ ಮಲಗುವ ಕೋಣೆಯಲ್ಲಿರಬೇಕು. ಪರೀಕ್ಷೆ ಪಾಸಾದರೆ ಶಿಡ್ಲಘಟ್ಟ.

"ಎಲ್ರೂ ಕೇಳ್ಕೊಳ್ಳಿ" ಎಂದರು ನಮ್ಮವರು ಆ ದಿನ. "ಈಗಿಂದ ಇವಳು ಸತ್ತೋಗಿದಾಳೆ."

"ಬಿಡ್ತು ಅನ್ನೋ!" ಅತ್ತೆ ಕೂಗಿದ ರಭಸಕ್ಕೆ ಬೀದಿಯ ನಾಯಿ ಎದ್ದು ಕೂತಿತು. "ಏಮಿರಾ ಇದಿ!" ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗೇ ಬರುವುದು. "ಮುತ್ತೈದೇನ ಹೊಸಲು ಮೇಲೆ ನಿಲ್ಲಿಸ್ಕೊಂಡು ಆಡೋ ಮಾತಾ?" ನನ್ನ ಹಣೆಗೆ ಇನ್ನಷ್ಟು ಕುಂಕುಮ ಮೆತ್ತಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಆಮೇಲೇ ನನ್ನನ್ನು ಸಾಯಲು ಒಳಗೆ ಬಿಟ್ಟರು.

ಸತ್ತವರಿಗೆ ಇಷ್ಟು ಕೆಲಸವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಐದು ನಿಮಿಷಕ್ಕೆ ಪಲ್ಲವಿ ಬಾಗಿಲ ಸಂದಿಯಲ್ಲಿ, "ಅಮ್ಮ, ನೀನು ಸತ್ತೋಗಿದೀಯ, ಗೊತ್ತು. ಇಂಗು ಎಲ್ಲಿದೆ?" ಎಂದಳು. ಆಮೇಲೆ ಅತ್ತೆ ಬಂದು ಅವರೆಕಾಳು ಹಿತಕಲು ಒಂದು ಮೊರ ಕೊಟ್ಟು ಹೋದರು, "ಸುಮ್ನೆ ಕೂತಿದೀಯಲ್ಲಮ್ಮ." ಕೊನೆಗೆ ನಮ್ಮವರೇ ಬಂದು, "ಲೆಕ್ಕಕ್ಕೆ ತಗೋಬೇಡ, ಪ್ಲೇಯರ್ ಎಲ್ಲಿಟ್ಟಿದೀಯ?" ಎಂದರು.

ಹನ್ನೆರಡಕ್ಕೆ ಹಾಲಿನಲ್ಲಿ ಫೋನ್ ಬಡಿದುಕೊಂಡಿತು. "ನೀರು ಬಂತು!" ಎಂದು ಪಲ್ಲವಿ ಯೋಜನೆಯಲ್ಲಿ ಬರೆದಂತೆ ಇಬ್ಬರಿಗೂ ಕೂಗಿ ಹೇಳಿದಳು. ಅತ್ತೆ ಹೋಗಿ ತಿರುಗಿಸಿದರು. ಸಂಪಿಗೆ ನೀರು ಬೀಳುವ ಸದ್ದು ನನಗೆ ಕೋಣೆಗೇ ಕೇಳುತ್ತದೆ. ಮೊದಲು ಕೆಮ್ಮು, ಆಮೇಲೆ ಒಂದೇ ಸಮನೆ ಧೋ ಎಂದು. ನೆಮ್ಮದಿಯಾಯಿತು. ಅಷ್ಟರಲ್ಲಿ ನಮ್ಮವರ ಚಪ್ಪಲಿ ಸದ್ದು. ಅವರಿಗೂ ಸುದ್ದಿ ತಲುಪಿತ್ತಲ್ಲ, ಅವರೂ ಶ್ರದ್ಧೆಯಿಂದ ತಿರುಗಿಸಿದರು. ಧೋ ನಿಂತಿತು. ಮೂವರೂ ಹಾಲಿನಲ್ಲಿ ಸೇರಿ, "ಆಯ್ತಾ?" "ಆಯ್ತು" ಎಂದುಕೊಂಡು ಟಿವಿ ಹಾಕಿದರು.

ನಾನು ಅವರೆಕಾಳಿನ ಮೊರ ಪಕ್ಕಕ್ಕಿಟ್ಟೆ. ಕೂಗಿದರೆ ಪರೀಕ್ಷೆ ಫೇಲು, ಶಿಡ್ಲಘಟ್ಟವಿಲ್ಲ. ಸುಮ್ಮನಿದ್ದರೆ ವಾರ ಪೂರ್ತಿ ನೀರಿಲ್ಲ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರತಿ ವರ್ಷ ನನಗೇ ಬಹುಮಾನ ಬರುತ್ತಿತ್ತು, ಸಿಸ್ಟರ್ ನೆನಪಾದರು. ಅವರಿಗೆ ಮನಸ್ಸಿನಲ್ಲೇ ಕೈಮುಗಿದು, ಹಿಂಬಾಗಿಲಿಂದ ಬರಿಗಾಲಿನಲ್ಲಿ ಹೋಗಿ, ಅಲ್ಲೇ ಬಿದ್ದಿದ್ದ ಪ್ಲೇಯರ್ ತೆಗೆದುಕೊಂಡು ತಿರುಗಿಸಿ ಬಂದು ಮತ್ತೆ ಸತ್ತೆ.

ಒಂದು ಗಂಟೆಗೆ ಸಂಪು ತುಂಬಿತ್ತು. "ನೋಡಿದ್ಯಾ? ನೀನಿಲ್ದೆ ಇದ್ರೂ ಮನೆ ನಡೆಯುತ್ತೆ" ಎಂದು ನಮ್ಮವರು ಹಾಳೆಯ ಮೇಲೆ ದೊಡ್ಡದಾಗಿ ಪಾಸ್ ಎಂದು ಬರೆದರು. ಆ ಗೆಲುವಿನ ನಗುವಿಗೆ ಪ್ಲೇಯರಿನಲ್ಲೇ ಒಂದು ಕೊಡಬೇಕೆನಿಸಿತು. "ಒಬ್ರೇ ತಿರುಗಿಸಿ, ಒಂದೇ ಸಲ" ಎಂದಷ್ಟೇ ಹೇಳಿದೆ. "ಅದೆಲ್ಲ ಯೋಜನೇಲಿದೆ ಬಿಡೇ" ಎಂದರು.

ಮುಂದಿನ ಭಾನುವಾರ ಶಿಡ್ಲಘಟ್ಟ. ಪಕ್ಕದ ಬೀದಿಯಿಂದ ಬೇಯುವ ರೇಷ್ಮೆಗೂಡಿನ ವಾಸನೆ, ಒಳಗೆ ಹಸಿರು ಬಳೆಗಳ ಸದ್ದು. ಹುಡುಗಿಯ ಕೈಗೆ ಬಳೆ ಏರಿಸುತ್ತಿದ್ದೆ. ನನ್ನ ಬ್ಯಾಗು ಬಡಿದುಕೊಂಡಿತು.

"ಅಕ್ಕಾ, ನೀರ್ ಬಿಟ್ಟಿದೀನಿ." ಮುನಿರಾಜು!

ಅರಿಶಿನದ ಕೈಯಲ್ಲೇ ಮನೆಗೆ ಫೋನ್ ಮಾಡಿದೆ. "ಇನ್ನೂ ಸುದ್ದಿ ಬಂದಿಲ್ಲ ಕಣೇ. ಮೂವರೂ ಸೋಫಾ ಮೇಲೆ ರೆಡಿಯಾಗಿ ಕೂತಿದೀವಿ" ಎಂದರು ನಮ್ಮವರು.

"ಸುದ್ದಿ ಇಲ್ಲಿಗೆ ಬಂತು ರೀ!"

"ಅಲ್ಲಿಗ್ಯಾಕೆ ಬಂತು?"

"ಫೋನ್ ನನ್ನ ಹತ್ರ ಇದೆಯಲ್ಲ! ಸತ್ತಾಗ ಹಾಲಲ್ಲಿಟ್ಟಿದ್ದೆ. ಬದುಕಿದ್ದಾಗ ತಗೊಂಡು ಬರಲ್ವಾ? ಅತ್ತೆ ಒಬ್ರೇ ಹೋಗ್ಲಿ. ನೀವು ಏಳಬೇಡಿ! ಫೋನ್ ಸಂಪಿನ ಹತ್ರ ಹಿಡಿಯೋಕೆ ಪಲ್ಲವಿಗೆ ಹೇಳಿ."

ಇಲ್ಲಿ ಹೆಂಗಸರು ಆರತಿ ಹಾಡು ಎತ್ತಿಕೊಂಡರು. ನಾನು ಒಂದು ಕಿವಿ ಮುಚ್ಚಿ ಇನ್ನೊಂದಕ್ಕೆ ಫೋನ್ ಒತ್ತಿಕೊಂಡು ನಿಂತೆ. ಕೆಮ್ಮು. ಆಮೇಲೆ ಧೋ. ಕಣ್ಣಲ್ಲಿ ನೀರು ಬಂತು. ಸೀಮಂತದ ಸಂತೋಷಕ್ಕೆಂದು ಚಿಕ್ಕಮ್ಮ ನನ್ನ ಬೆನ್ನು ಸವರಿದರು.

ಮನೆಗೆ ಬಂದ ಮೇಲೆ ನಮ್ಮವರು ಯೋಜನೆಯಲ್ಲಿ ಹೊಸ ಸಾಲು ಸೇರಿಸಿದ್ದರು: ಮುನಿರಾಜುಗೆ ಮೂವರ ನಂಬರನ್ನೂ ಕೊಡುವುದು. "ಇಷ್ಟು ವರ್ಷ ಅವನು ಯಾಕೆ ಬೇರೆ ನಂಬರ್ ಕೇಳಲಿಲ್ಲ?" ಎಂದು ಆಶ್ಚರ್ಯಪಟ್ಟರು. ನಾನು ಅವರೆಕಾಳಿನ ಮೊರ ಹತ್ತಿರಕ್ಕೆ ಎಳೆದುಕೊಂಡೆ. ಅವನು ಕೇಳಿದ್ದ, ಮೊದಲ ವರ್ಷವೇ. "ಬೇಡಪ್ಪ, ನಾನು ಇರ್ತೀನಲ್ಲ" ಎಂದು ಎಷ್ಟು ಜಂಬದಿಂದ ಹೇಳಿದ್ದೆ! ಈಗ ನಂಬರುಗಳ ಚೀಟಿ ನನ್ನ ಪರ್ಸಿನಲ್ಲಿದೆ. ಆಮೇಲೆ ಎಷ್ಟೋ ಭಾನುವಾರ ಅವನು ಫೋನ್ ಮಾಡಿದ್ದಾನೆ, ಕೊಡಬೇಕು, ಕೊಡುತ್ತೇನೆ. ಕೈ ತುಂಬ ಕೆಲಸ ನೋಡಿ, ಪ್ರತಿ ಸಲವೂ ಮರೆತುಹೋಗುತ್ತದೆ.